ಎರಡನೇ ಬಿತ್ತನೆಗೂ ಬೀಜ ಇರಲಿ: ಊರ ಬೀಜ ಬ್ಯಾಂಕು, ಅಕ್ಕಡಿ ಸಾಲು

ಆರಿದ್ರಾ ಮಳೆಗೆ ಬಿತ್ತಿದ ರಾಗಿ ಮೂರೆಲೆ ಬಿಡುವ ಹೊತ್ತಿಗೆ ಮಳೆ ಕೈಕೊಡುತ್ತದೆ. ಇಪ್ಪತ್ತು ದಿನ ಮೋಡ ಕಟ್ಟುತ್ತದೆ, ಚದುರುತ್ತದೆ, ಪೈರು ಒಣಗಿ ಹೋಗುತ್ತದೆ. ಆಮೇಲೆ ಒಂದು ರಾತ್ರಿ ಚೆನ್ನಾಗಿ ಹೊಡೆಯುತ್ತದೆ. ನಮ್ಮ ಕೆಂಪು ಮರಳು ಮಣ್ಣಿನಲ್ಲಿ ಆ ಬೆದೆ, ಅಂದರೆ ಬಿತ್ತಲು ಹದವಾದ ತೇವ, ನಿಲ್ಲುವುದು ಎರಡು ದಿನ, ಹೆಚ್ಚೆಂದರೆ ಮೂರು. ಅಷ್ಟರೊಳಗೆ ಬೀಜ ಕೈಗೆ ಸಿಕ್ಕವರ ಹೊಲ ಮಾತ್ರ ಆ ವರ್ಷ ಹಸಿರಾಗುತ್ತದೆ. ಪೇಟೆಗೆ ಹೋಗಿ, ದುಡ್ಡು ಹೊಂದಿಸಿ, ಬೇಕಾದ ತಳಿ ಸಿಗದೆ ಇನ್ಯಾವುದನ್ನೋ ತರುವಷ್ಟರಲ್ಲಿ ನೆಲ ಆರಿರುತ್ತದೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮಳೆಯಾಶ್ರಿತ ಊರುಗಳಲ್ಲಿ ಬೀಜ ಬ್ಯಾಂಕು ಕಟ್ಟುವವರು ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದ್ದು ಇದನ್ನೇ. ಅಪರೂಪದ ತಳಿಗಳನ್ನು ಗಾಜಿನ ಶೀಶೆಯಲ್ಲಿ ಜೋಡಿಸಿ ಮೇಳದಲ್ಲಿ ತೋರಿಸುವುದು ಚೆಂದವೇ, ಆದರೆ ಅದು ಬೇರೆ ಕೆಲಸ. ಊರ ಬೀಜ ಬ್ಯಾಂಕು ಮೊದಲ ಬಿತ್ತನೆ ಕೆಟ್ಟ ಮನೆಗೆ ಮಾರನೇ ದಿನ ಬೆಳಿಗ್ಗೆ ಬೀಜ ಕೊಡುವಂತಿರಬೇಕು. ಕೆಳಗಿನ ಲೆಕ್ಕವೆಲ್ಲ ಇಪ್ಪತ್ತು ಮನೆ, ಮನೆಗೆ ಒಂದು ಎಕರೆ ರಾಗಿ ಹೊಲ ಎಂದು ಹಿಡಿದು ಬರೆದದ್ದು. ನಿಮ್ಮ ಊರಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಶುರು ಮಾಡುವುದು ಯುಗಾದಿಗಲ್ಲ, ಕಾರ್ತಿಕದಲ್ಲಿ

ಸಾಮಾನ್ಯವಾಗಿ ಸಂಘ ಕಟ್ಟುವ ಉತ್ಸಾಹ ಬರುವುದು ಮೇ ತಿಂಗಳಲ್ಲಿ. ಆಗ ಬೀಜ ಹುಡುಕಿದರೆ ಸಿಗುವುದು ಮೂಟೆಯಲ್ಲಿ ಉಳಿದ ತಿನ್ನುವ ರಾಗಿ. ಬೀಜವನ್ನು ಆರಿಸಬೇಕಾದ್ದು ತೆನೆ ಹೊಲದಲ್ಲಿ ನಿಂತಿರುವಾಗ, ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ. ಹಾಗಾಗಿ ಮೊದಲ ಸಭೆ ರಾಗಿ ಕಟಾವಿಗೆ ಒಂದು ತಿಂಗಳು ಮುಂಚೆಯೇ ನಡೆಯಲಿ.

ಎಷ್ಟು ಬೀಜ ಬೇಕು? ಕೂರಿಗೆ (ಸಾಲಾಗಿ ಬೀಜ ಬಿಡುವ ಸಲಕರಣೆ) ಬಿತ್ತನೆಗೆ ಎಕರೆಗೆ 4 ಕೆಜಿಯಂತೆ ಇಪ್ಪತ್ತು ಎಕರೆಗೆ 80 ಕೆಜಿ. ಅರ್ಧ ಹೊಲ ಕೆಡುತ್ತದೆ ಎಂದೇ ಎಣಿಸಿ, ಹತ್ತು ಎಕರೆಯ ಮರುಬಿತ್ತನೆಗೆ ಬೇಗ ಬರುವ ತಳಿ 40 ಕೆಜಿ. ಐದು ಎಕರೆ ನಾಟಿಗೆ ಸಸಿಮಡಿ ಹಾಕಲು 10 ಕೆಜಿ. ಒಟ್ಟು 130 ಕೆಜಿ ರಾಗಿ. ಇದರ ಜೊತೆಗೆ ಅಕ್ಕಡಿಗೆ, ಅಂದರೆ ರಾಗಿ ಸಾಲುಗಳ ನಡುವೆ ಹಾಕುವ ಬೇರೆ ಬೆಳೆಯ ಸಾಲುಗಳಿಗೆ, ತೊಗರಿ 30 ಕೆಜಿ, ಅವರೆ 25, ಅಲಸಂದೆ 10, ಎಲ್ಲ ಕೈಕೊಟ್ಟ ವರ್ಷಕ್ಕೆ ಹುರುಳಿ 50 ಕೆಜಿ. ಹುಚ್ಚೆಳ್ಳು, ಸಾಸಿವೆ, ಜೋಳ, ಹರಳು ಇವೆಲ್ಲ ಸೇರಿ ಹದಿನೈದು ಕೆಜಿ ದಾಟುವುದಿಲ್ಲ.

130 ಕೆಜಿ ರಾಗಿ ಬೀಜಕ್ಕೆ ಎಷ್ಟು ನೆಲ ಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಎಕರೆಗೆ ಆರು ಕ್ವಿಂಟಲ್ ಬರುವ ವರ್ಷ ಗುಂಟೆಗೆ 15 ಕೆಜಿ, ಅಂದರೆ ಒಂಬತ್ತು ಗುಂಟೆ ಸಾಕು. ಎಕರೆಗೆ ಎರಡೇ ಕ್ವಿಂಟಲ್ ಬಂದ ವರ್ಷ ಗುಂಟೆಗೆ ಐದು ಕೆಜಿ, ಆಗ 26 ಗುಂಟೆ ಬೇಕು. ಬೀಜದ ಮಡಿಯನ್ನು ಕೆಟ್ಟ ವರ್ಷದ ಲೆಕ್ಕದಲ್ಲೇ ಇಡಿ: ಎಂಟೊಂಬತ್ತು ಗುಂಟೆಯ ಮೂರು ತುಂಡು, ಊರಿನ ಮೂರು ದಿಕ್ಕಿನಲ್ಲಿ, ಮೂರು ಮನೆಯವರ ಹೊಲದಲ್ಲಿ. ನಮ್ಮ ಕಡೆ ಮಳೆ ರಸ್ತೆಯ ಈಚೆ ಬಿದ್ದು ಆಚೆ ಬೀಳದಿರುವುದು ಯಾರಿಗೂ ಹೊಸದಲ್ಲ. ಎಂಟು ಗುಂಟೆ ಬಿತ್ತಲು ಬೇಕಾದ್ದು 800 ಗ್ರಾಂ ಬೀಜ ಮಾತ್ರ.

ಯಾವ ತಳಿ?

ಮೂರು ವಯಸ್ಸಿನ ರಾಗಿ ಇರಲೇಬೇಕು. 120–125 ದಿನದ ಎಂಆರ್-6, ಅಥವಾ ನಿಮ್ಮ ಊರಲ್ಲೇ ಉಳಿದಿರುವ ದೀರ್ಘಾವಧಿ ಸ್ಥಳೀಯ ತಳಿ. ನಡುವೆ ಜಿಪಿಯು-28 (110–115 ದಿನ), ಎಂಎಲ್-365 (105–110 ದಿನ). ಕೊನೆಗೆ ಜಿಪಿಯು-48ರಂಥ 95–100 ದಿನದ್ದು. ಜಿಪಿಯು-28 ಬೆಂಕಿ ರೋಗ ತಡೆಯುತ್ತದೆ, ಎಂಎಲ್-365 ಬರಕ್ಕೆ ಜಗ್ಗುವುದಿಲ್ಲ. ಮೊದಲ ವರ್ಷದ ಮಾತೃಬೀಜವನ್ನು ಬೆಂಗಳೂರಿನ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಅಥವಾ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ತುಮಕೂರಿನವರಿಗೆ ಹಿರೇಹಳ್ಳಿ ಮತ್ತು ತಿಪಟೂರು ಬಳಿಯ ಕೊನೇಹಳ್ಳಿ, ಕೋಲಾರದವರಿಗೆ ಟಮಕ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಬಳಿಯ ಕುರುಬೂರು. ತಳಿಗೆ ಎರಡೆರಡು ಕೆಜಿ ಸಾಕು, ಮುಂದಿನ ವರ್ಷಕ್ಕೆ ನೀವೇ ಬೆಳೆದುಕೊಳ್ಳುತ್ತೀರಿ.

ಗಿಡ್ಡ ರಾಗಿ, ಉಂಡೆ ರಾಗಿ ಯಾರ ಮನೆಯಲ್ಲಾದರೂ ಉಳಿದಿದ್ದರೆ ಬಿಡಬೇಡಿ, ಎರಡು ಗುಂಟೆಯಲ್ಲಾದರೂ ಪ್ರತಿವರ್ಷ ಹಾಕಿ. ಆದರೆ ಇಪ್ಪತ್ತು ಮನೆಯ ಹೊಟ್ಟೆಯನ್ನು ಅದೊಂದರ ಮೇಲೆ ನಿಲ್ಲಿಸಬೇಡಿ.

ಬೀಜದ ಮಡಿಯಲ್ಲಿ ಮೂರು ಸಲ ಓಡಾಡಬೇಕು. ಹೂ ಬಿಡುವಾಗ ಎತ್ತರ, ಬಣ್ಣ ಹೊಂದದ ಬೆರಕೆ ಗಿಡಗಳನ್ನು ಕೀಳುವುದು. ಹಾಲುಗಾಳಿನಲ್ಲಿ ಕುತ್ತಿಗೆ ಕಪ್ಪಾದ, ತೆನೆ ಜೊಳ್ಳಾದ ಗಿಡ ತೆಗೆಯುವುದು. ಬೆಂಕಿ ರೋಗ ಬೀಜದ ಜೊತೆಯಲ್ಲೇ ಮುಂದಿನ ವರ್ಷಕ್ಕೂ ಬರುತ್ತದೆ. ಕಾಳು ಬಲಿತ ಮೇಲೆ ಮಡಿಯ ನಡುಭಾಗದಲ್ಲಿ ಮುಖ್ಯ ದಂಟಿನ ತುಂಬು ತೆನೆಗಳನ್ನೇ ಕುಡುಗೋಲಿನಿಂದ ಕೊಯ್ದು ಬೇರೆ ಇಡುವುದು. ಇನ್ನೂರು ಒಳ್ಳೆ ತೆನೆಗೆ ಹೆಚ್ಚು ಕಡಿಮೆ ಒಂದು ಕೆಜಿ ಕಾಳು. ಇದು ಮುಂದಿನ ವರ್ಷದ ಬೀಜದ ಮಡಿಗೆ. ಉಳಿದದ್ದು ಸದಸ್ಯರಿಗೆ ಹಂಚಲು.

ರಾಗಿ ತನ್ನ ಹೂವಿನಲ್ಲೇ ಕಾಳು ಕಟ್ಟುವ ಬೆಳೆ, ಪಕ್ಕದ ಹೊಲದ ತಳಿ ಬೆರೆಯುವ ಭಯ ಕಡಿಮೆ. ತೊಗರಿ ಹಾಗಲ್ಲ, ಜೇನು ಬೆರೆಸುತ್ತದೆ. ತೊಗರಿ ಬೀಜ ಬೇಕೆಂದರೆ ಬೇರೆ ತಳಿಯಿಂದ ಕನಿಷ್ಠ ನೂರು ಮೀಟರ್ ದೂರದ ಗಿಡದಿಂದ ತೆಗೆಯಿರಿ. ಹುಚ್ಚೆಳ್ಳಂತೂ ಪರಾಗ ಬೆರೆಯದೆ ಕಾಳೇ ಕಟ್ಟುವುದಿಲ್ಲ, ಅದರಲ್ಲಿ ಶುದ್ಧ ತಳಿಯ ಗೀಳು ಬಿಟ್ಟುಬಿಡಿ.

ಒಣಗಿಸುವುದು, ತುಂಬುವುದು

ಬೀಜದ ರಾಗಿಯನ್ನು ಟಾರು ರಸ್ತೆಗೆ ಹರವಬೇಡಿ. ಟೈರಿನಡಿ ಕಾಳು ಒಡೆಯುತ್ತದೆ, ಪಕ್ಕದ ಮನೆಯ ತಳಿ ಬೆರೆಯುತ್ತದೆ, ಕಲ್ಲು ಸೇರುತ್ತದೆ. ಸಗಣಿ ಸಾರಿಸಿದ ಕಣದಲ್ಲೋ ಟಾರ್ಪಾಲಿನ ಮೇಲೋ ಕೋಲಿನಿಂದ ಬಡಿದು, ತೂರಿ, ನಾಲ್ಕೈದು ದಿನ ಬಿಸಿಲಿಗೆ ತೆಳ್ಳಗೆ ಹರವಿ. ಸಂಜೆ ಇಬ್ಬನಿ ಬೀಳುವ ಮುಂಚೆ ರಾಶಿ ಮಾಡಿ ಮುಚ್ಚಬೇಕು. ಇಲ್ಲದಿದ್ದರೆ ಹಗಲು ಆರಿದ್ದು ರಾತ್ರಿ ಮತ್ತೆ ಸೇರಿಕೊಳ್ಳುತ್ತದೆ.

ಒಣಗಿದೆಯೋ ಇಲ್ಲವೋ ನೋಡಲು ಯಂತ್ರ ಬೇಕಿಲ್ಲ. ಒಣಗಿದ ಗಾಜಿನ ಶೀಶೆಯ ಕಾಲು ಭಾಗ ಒಣ ಪುಡಿ ಉಪ್ಪು ಹಾಕಿ, ಅಷ್ಟೇ ಬೀಜ ಹಾಕಿ, ಕುಲುಕಿ, ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ 15ಕ್ಕಿಂತ ಹೆಚ್ಚಿದೆ. ಅಂಟದಿದ್ದರೂ ಕೆಲಸ ಮುಗಿಯಲಿಲ್ಲ: ರಾಗಿ ಶೇ 12ಕ್ಕೆ, ದ್ವಿದಳ ಕಾಳು ಶೇ 9–10ಕ್ಕೆ ಇಳಿಯಬೇಕು. ಆದ್ದರಿಂದ ಉಪ್ಪು ಅಂಟದ ದಿನದಿಂದ ಇನ್ನೂ ಎರಡು ಮೂರು ಬಿಸಿಲು ಕೊಡಿ. ಅವರೆ, ತೊಗರಿ ಹಲ್ಲಿಗೆ ಕಚ್ಚಿದರೆ ತಗ್ಗು ಬೀಳದೆ ಟಕ್ಕನೆ ಒಡೆಯಬೇಕು.

50 ಲೀಟರಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿಗೆ ಸುಮಾರು 38 ಕೆಜಿ ರಾಗಿ ಹಿಡಿಯುತ್ತದೆ. ರಾಗಿಗೆ ನಾಲ್ಕು, ಕಾಳುಗಳಿಗೆ ನಾಲ್ಕು ಡ್ರಮ್ಮು, ಉಳಿದದ್ದಕ್ಕೆ ಹತ್ತು ಲೀಟರಿನ ಡಬ್ಬಗಳು. ಬಿಗಿ ಮುಚ್ಚಳ ಒಳ್ಳೆಯದು, ಆದರೆ ಹಸಿ ಬೀಜ ತುಂಬಿ ಬಿಗಿದರೆ ಒಳಗೇ ಬೆಂದ ಹಾಗೆ ಆಗಿ ಮೊಳಕೆ ಸಾಯುತ್ತದೆ. ಒಣಗಿಸಿದ್ದು ಸಾಲದು ಎಂಬ ಅನುಮಾನವಿದ್ದರೆ ಡ್ರಮ್ಮಿಗಿಂತ ಗೋಣಿಚೀಲವೇ ವಾಸಿ. ಚೀಲವಾದರೆ ನೆಲಕ್ಕೆ ಹಲಗೆ ಹಾಕಿ, ಗೋಡೆಗೆ ಒಂದಡಿ ಬಿಟ್ಟು ಇಡಿ.

ರಾಗಿಗೆ ಹುಳು ಬೀಳುವುದು ಅಪರೂಪ. ಅಜ್ಜಂದಿರು ವರ್ಷಗಟ್ಟಲೆ ಹಗೇವಿನಲ್ಲಿ (ನೆಲದೊಳಗಿನ ಕಾಳಿನ ಗುಂಡಿ) ಇಟ್ಟು ಉಂಡದ್ದು ಅದೇ ಧೈರ್ಯದ ಮೇಲೆ. ಆದರೆ ಉಣ್ಣಲು ಬರುವ ರಾಗಿ ಮೊಳೆಯಲೂ ಬರಬೇಕೆಂದಿಲ್ಲ, ಬೀಜವನ್ನು ಎರಡು ವರ್ಷಕ್ಕೊಮ್ಮೆ ಹೊಸದು ಮಾಡಿಕೊಳ್ಳಿ. ಅವರೆ, ಅಲಸಂದೆ, ತೊಗರಿಯ ಕಥೆ ಬೇರೆ. ಕಾಳು ಕೊರೆಯುವ ದುಂಬಿ ಹೊಲದಲ್ಲಿಯೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ. ನಾವು ಶುದ್ಧ ಅಂದುಕೊಂಡು ತುಂಬಿದ ಡಬ್ಬದೊಳಗೆ ಎರಡು ತಿಂಗಳಲ್ಲಿ ತೂತಿನ ಕಾಳು, ಹಿಟ್ಟು. ಹಳೆಯ ಉಪಾಯ ಎರಡಿವೆ, ಎರಡೂ ಕೆಲಸ ಮಾಡುತ್ತವೆ. ಒಂದು, ಜಾಲಿಸಿದ ಕೆಮ್ಮಣ್ಣನ್ನು ಗಂಜಿಯಂತೆ ಕಲಸಿ ಕಾಳಿಗೆ ಬಳಿದು ಒಣಗಿಸುವುದು. ಇನ್ನೊಂದು, ಕೆಜಿ ಕಾಳಿಗೆ 5 ಮಿಲಿ ಹರಳೆಣ್ಣೆ ಹಾಕಿ ಪ್ರತಿ ಕಾಳಿಗೂ ತಗಲುವಂತೆ ಉಜ್ಜುವುದು. ಯಾವುದೇ ಮಾಡಿದರೂ ಡಬ್ಬದೊಳಗೆ ಕಾಳಿನ ಮೇಲೆ ಎರಡು ಮೂರು ಅಂಗುಲ ಒಣ ಬೂದಿ ಅಥವಾ ಮರಳು ಮುಚ್ಚಿ. ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕುವವರು ನೆರಳಲ್ಲಿ ಪೂರ್ತಿ ಒಣಗಿಸಿಯೇ ಹಾಕಬೇಕು, ಹಸಿ ಸೊಪ್ಪು ಬೂಷ್ಟು ತರುತ್ತದೆ. ಅಮಾವಾಸ್ಯೆಯ ದಿನ ಕಾಳು ಒಣಗಿಸಿದರೆ ಹುಳ ಬರುವುದಿಲ್ಲ ಎನ್ನುತ್ತಾರೆ. ಚಂದ್ರನ ಪಾತ್ರ ಏನೇ ಇರಲಿ, ತಿಂಗಳಿಗೊಮ್ಮೆ ಡಬ್ಬ ತೆರೆದು ನೋಡಿ ಬಿಸಿಲಿಗೆ ಹಾಕಲು ಅದೊಂದು ಒಳ್ಳೆ ನೆನಪಿನ ದಿನ.

ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಅಳಿಸಿಹೋಗುತ್ತದೆ. ಒಂದು ಚೀಟಿ ಒಳಗೆ, ಒಂದು ಹೊರಗೆ: ತಳಿ, ಎಷ್ಟು ದಿನದ್ದು, ಯಾರ ಹೊಲ, ಯಾವ ವರ್ಷ, ಎಷ್ಟು ಕೆಜಿ. ಎಲ್ಲ ಡ್ರಮ್ಮುಗಳನ್ನೂ ಒಂದೇ ಮನೆಯಲ್ಲಿ ಇಡಬೇಡಿ. ಸೂರು ಸೋರಿದರೆ, ಮನೆಯವರು ಜಗಳವಾಡಿದರೆ ಇಡೀ ಊರಿನ ಬೀಜ ಹೋಯಿತು.

ಕೊಡುವ, ತೆಗೆದುಕೊಳ್ಳುವ ಲೆಕ್ಕ

ಒಂದು ಕೆಜಿ ಒಯ್ದವರು ಒಂದೂವರೆ ಕೆಜಿ ಹಿಂದಿರುಗಿಸುವ ಪದ್ಧತಿ ಬಹಳ ಕಡೆ ನಡೆಯುತ್ತದೆ. ಬೆಳೆ ಕೆಟ್ಟ ವರ್ಷ ಬಡ್ಡಿ ಇಲ್ಲ, ಅಸಲನ್ನು ಮುಂದಿನ ವರ್ಷ ಕೊಟ್ಟರಾಯಿತು ಎಂದು ಮೊದಲೇ ಪುಸ್ತಕದಲ್ಲಿ ಬರೆಯಿರಿ. ಬರ ಬಂದ ಮೇಲೆ ಈ ಮಾತು ತೆಗೆದರೆ ಅದು ಉಪಕಾರದಂತೆ ಕೇಳುತ್ತದೆ, ಕೊಟ್ಟವರು ತೆಗೆದುಕೊಂಡವರ ನಡುವೆ ಹಂಗು ಹುಟ್ಟುತ್ತದೆ. ಅಳತೆ ಕೆಜಿಯಲ್ಲೇ ಇರಲಿ. ಮನೆಗೊಂದು ಸೇರು, ಊರಿಗೊಂದು ಬಳ್ಳ ಇರುವ ಕಡೆ ಸೇರಿನ ಲೆಕ್ಕ ಮನಸ್ತಾಪಕ್ಕೇ ದಾರಿ.

ಬೀಜಕ್ಕೆ ಬದಲು ದುಡ್ಡು ತೆಗೆದುಕೊಳ್ಳಬೇಡಿ. ದುಡ್ಡು ಬಂದರೆ ಡ್ರಮ್ಮು ಖಾಲಿ ಉಳಿಯುತ್ತದೆ. ಹಿಂದಿರುಗಿ ಬರುವ ಕಾಳು ಅವರ ಹೊಲದ್ದೇ ಆಗಿರಬೇಕು, ಪಡಿತರದ ರಾಗಿಯನ್ನೋ ಮಂಡಿಯ ರಾಗಿಯನ್ನೋ ತಂದು ಸುರಿದರೆ ಎರಡೇ ವರ್ಷದಲ್ಲಿ ನಿಮ್ಮ ಜಿಪಿಯು-28 ಏನೇನೋ ಆಗಿರುತ್ತದೆ. ಹಾಗಾಗಿ ವಾಪಸು ಬಂದದ್ದನ್ನು ಮೊಳಕೆ ನೋಡುವವರೆಗೂ ಬೇರೆ ಚೀಲದಲ್ಲಿ ಇಡಿ. ಹೊಸ ಬೀಜವನ್ನು ಮಾತ್ರ ಬೀಜದ ಮಡಿಯಿಂದಲೇ ತೆಗೆದುಕೊಳ್ಳಿ.

ಪಹಣಿ ಹೆಸರಿಗೆ ಇದ್ದವರಷ್ಟೇ ಸದಸ್ಯರು ಎಂಬ ನಿಯಮ ಬೇಡ. ವಾರಕ್ಕೆ (ಬೆಳೆಯ ಪಾಲಿಗೆ), ಗುತ್ತಿಗೆಗೆ ಮಾಡುವವರಿಗೇ ಎರಡನೇ ಬೀಜದ ತಾಪತ್ರಯ ಹೆಚ್ಚು. ಬೀಜ ಇಟ್ಟುಕೊಳ್ಳುವುದು, ಹಂಚುವುದು ಕಾನೂನಿಗೆ ವಿರುದ್ಧವೇ ಎಂದು ಕೆಲವರು ಅಂಜುತ್ತಾರೆ. ವಿರುದ್ಧವಲ್ಲ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ 39ನೇ ಕಲಮು ರೈತ ತನ್ನ ಬೀಜವನ್ನು ಉಳಿಸಲು, ಬಿತ್ತಲು, ಬದಲಿಸಿಕೊಳ್ಳಲು, ಹಂಚಲು, ಮಾರಲು ಬಿಡುತ್ತದೆ. ನೋಂದಾಯಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ.

ಮೊಳಕೆ ಪರೀಕ್ಷೆ ಮೇ ತಿಂಗಳ ಮಧ್ಯಕ್ಕೆ ಮುಗಿಯಲಿ. ನೂರು ಕಾಳು ಎಣಿಸಿ ಒದ್ದೆ ಗೋಣಿತಾಟಿನಲ್ಲಿ ಸಾಲಾಗಿ ಇಟ್ಟು ಸುತ್ತಿ, ನೆರಳಲ್ಲಿಟ್ಟು ದಿನಾ ನೀರು ಚಿಮುಕಿಸಿ. ಎಂಟನೇ ದಿನ 75ಕ್ಕಿಂತ ಹೆಚ್ಚು ಗಟ್ಟಿ ಮೊಳಕೆ ಇದ್ದರೆ ಸರಿ. 60 ಬಂದರೆ ಎಕರೆಗೆ 4ರ ಬದಲು 5 ಕೆಜಿ ಬಿತ್ತಿ. ಅದಕ್ಕಿಂತ ಕಡಿಮೆಯಾದರೆ ಅದು ಮುದ್ದೆಗೆ. ಈ ಕಾರಣಕ್ಕೇ ಔಷಧದ ಬೀಜೋಪಚಾರವನ್ನು ತುಂಬುವಾಗ ಮಾಡಬೇಡಿ, ಬೀಜ ಹಂಚುವ ದಿನ ಮಾಡಿ: ಕೆಜಿಗೆ 2 ಗ್ರಾಂ ಕಾರ್ಬೆಂಡಜಿಮ್, ಕೈಗವಸು ಹಾಕಿಕೊಂಡು. ಔಷಧ ತಗಲಿದ ಕಾಳು ತಪ್ಪಿಯೂ ಅಡುಗೆಮನೆ ಸೇರಬಾರದು. ರಾಸಾಯನಿಕ ಬೇಡವೆನ್ನುವವರು ಬೀಜಾಮೃತ ಮಾಡಿಕೊಳ್ಳಬಹುದು: 20 ಲೀಟರ್ ನೀರು, 5 ಕೆಜಿ ಸಗಣಿ, 5 ಲೀಟರ್ ಗಂಜಲ, 50 ಗ್ರಾಂ ಸುಣ್ಣ, ಬದುವಿನ ಒಂದು ಹಿಡಿ ಮಣ್ಣು.

ಅಕ್ಕಡಿ ಸಾಲು ಹಾಕುವ ಬಗೆ

ಬೀಜ ಬ್ಯಾಂಕು ರಾಗಿಯೊಂದನ್ನೇ ಕಾಯ್ದರೆ ಅರ್ಧ ಕೆಲಸ. ಒಂದೇ ಹೊಲದಲ್ಲಿ ಬೇರೆ ಬೇರೆ ಮಳೆಗೆ ಕಾಯುವ ಬೆಳೆಗಳಿದ್ದರೆ ಎಲ್ಲವೂ ಒಟ್ಟಿಗೆ ಸಾಯುವುದಿಲ್ಲ. ಅಲಸಂದೆ ಸೆಪ್ಟೆಂಬರಿಗೆ ಕಾಯಿ ಕೊಡುತ್ತದೆ, ಹುಚ್ಚೆಳ್ಳು ಮತ್ತು ರಾಗಿ ನವೆಂಬರಿಗೆ, ಸೊಗಡವರೆ ಡಿಸೆಂಬರ್–ಜನವರಿಗೆ, ತೊಗರಿ ಜನವರಿಗೆ, ಹರಳು ಆಮೇಲೂ ಗೊನೆ ಬಿಡುತ್ತಲೇ ಇರುತ್ತದೆ. ರಾಗಿ ಕೈಕೊಟ್ಟ ವರ್ಷವೂ ಹಸ್ತ, ಚಿತ್ತೆ ಮಳೆಗೆ ಅವರೆ, ತೊಗರಿ ಚಿಗುರಿಕೊಂಡು ಸಾರಿಗಾದರೂ ಆಗುತ್ತವೆ.

ಎಕರೆಗೆ ಬೀಜದ ಅಳತೆ: ರಾಗಿ 4 ಕೆಜಿ, ತೊಗರಿ 1½ ಕೆಜಿ, ಅವರೆ 1¼ ಕೆಜಿ, ಅಲಸಂದೆ ½ ಕೆಜಿ, ಹರಳು ಕಾಲು ಕೆಜಿ, ಹುಚ್ಚೆಳ್ಳು 200 ಗ್ರಾಂ, ಜೋಳ 150 ಗ್ರಾಂ, ಸಾಸಿವೆ 50 ಗ್ರಾಂ. ಹುಚ್ಚೆಳ್ಳು, ಜೋಳದ ಅಳತೆ ಮೀರಬೇಡಿ. ಕೈ ಧಾರಾಳವಾದರೆ ಅವೇ ಎತ್ತರಕ್ಕೆ ಬೆಳೆದು ರಾಗಿಗೆ ನೆರಳು ಕಟ್ಟುತ್ತವೆ.

ಏಪ್ರಿಲ್–ಮೇ ಮಳೆಗೆ ಇಳಿಜಾರಿಗೆ ಅಡ್ಡವಾಗಿ ಉಳುಮೆ ಮಾಡಿ, ಎಕರೆಗೆ ಮೂರು ಟನ್ ತಿಪ್ಪೆಗೊಬ್ಬರ ಹರಗಿ. ಅದು ಆರೇಳು ಗಾಡಿ. ರಾಸಾಯನಿಕ ಗೊಬ್ಬರ ಹಾಕುವವರಿಗೆ ಎಕರೆಗೆ 20 ಕೆಜಿ ಸಾರಜನಕ, 16 ಕೆಜಿ ರಂಜಕ: ಬಿತ್ತನೆಗೆ 35 ಕೆಜಿ ಡಿಎಪಿ ಮತ್ತು 8 ಕೆಜಿ ಯೂರಿಯ, ಕಳೆ ತೆಗೆದ ಮೇಲೆ ತೇವ ಇರುವಾಗ ಇನ್ನು 22 ಕೆಜಿ ಯೂರಿಯ. ತೇವ ಇಲ್ಲದಿದ್ದರೆ ಆ 22 ಕೆಜಿ ಚೀಲದಲ್ಲೇ ಇರಲಿ.

ಎಂಟು ಸಾಲು ರಾಗಿ, ಎರಡು ಸಾಲು ತೊಗರಿ. ಮತ್ತೆ ಎಂಟು ರಾಗಿ, ಒಂದು ಸಾಲು ಅವರೆ–ಅಲಸಂದೆ. ಸಾಲಿನಿಂದ ಸಾಲಿಗೆ ಒಂದಡಿ. ಕೂರಿಗೆಯಲ್ಲಾದರೆ ಅಕ್ಕಡಿ ಕಾಳಿಗೆ ಹಿಂದೆ ಹಗ್ಗ ಕಟ್ಟಿ ಎಳೆಯುವ ಬಿದಿರಿನ ಕೊಳವೆ ಇರುತ್ತದೆ, ಅದನ್ನು ಹಿಡಿಯುವುದು ಅನುಭವಸ್ಥ ಹೆಂಗಸರ ಕೈಗೇ ಬರುವ ಕೆಲಸ. ಟ್ರ್ಯಾಕ್ಟರ್ ಕೂರಿಗೆಯಾದರೆ ಬೀಜ ಇಳಿಯುವ ತಾಳುಗಳಲ್ಲಿ (ಕೊಳವೆಗಳಲ್ಲಿ) ಬೇಕಾದ್ದಕ್ಕೆ ಬಟ್ಟೆ ತುರುಕಿ ರಾಗಿ ಬೀಳದಂತೆ ಮಾಡಿ, ಆ ಗೆರೆಯಲ್ಲಿ ಕಾಳನ್ನು ಕೈಯಲ್ಲಿ ಬಿಡಿ. ರಾಗಿ ಒಂದು ಅಂಗುಲಕ್ಕಿಂತ ಆಳ ಹೋದರೆ ಮೇಲೆ ಬರುವುದಿಲ್ಲ. ತೊಗರಿ, ಅವರೆಗೆ ಎರಡು ಅಂಗುಲ ಬೇಕು. ಆದ್ದರಿಂದಲೇ ಎಲ್ಲ ಬೀಜ ಬೆರೆಸಿ ಎರಚುವುದು ತಪ್ಪು: ಅರ್ಧ ಕಾಳು ಮೇಲುಳಿದು ಹಕ್ಕಿ ಪಾಲು, ಉಳಿದದ್ದು ಬಂದರೂ ಎಡೆಕುಂಟೆ (ಸಾಲುಗಳ ನಡುವೆ ಕಳೆ ತೆಗೆಯುವ ಕುಂಟೆ) ಓಡಿಸಲು ಸಾಲೇ ಇರುವುದಿಲ್ಲ. ಜೋಳವನ್ನು ಹೊಲದ ಸುತ್ತ, ಹರಳನ್ನು ಬದುವಿನ ಅಂಚಿಗೆ ಹಾಕಿ. ತೊಗರಿಯ ಜೋಡಿ ಸಾಲಿನ ನಡುವೆ ತಿಂಗಳಾದ ಮೇಲೆ ಒಂದು ನೇಗಿಲ ಗೆರೆ ಬಿಡಿ. ಜೋರು ಮಳೆಯ ನೀರು ಅದರಲ್ಲಿ ನಿಂತು ಇಂಗುತ್ತದೆ.

ಬಿತ್ತಿದ ಮಾರನೇ ದಿನವೇ ರಭಸದ ಮಳೆ ಬಂದು ಬಿಸಿಲು ಬಿದ್ದರೆ ಕೆಂಪು ಮಣ್ಣು ಮೇಲೆ ಹಪ್ಪಳದಂತೆ ಗಟ್ಟಿಯಾಗುತ್ತದೆ, ಮೊಳಕೆ ಒಳಗೇ ಸುತ್ತಿಕೊಳ್ಳುತ್ತದೆ. ಮೂರನೇ ದಿನದೊಳಗೆ ಮುಳ್ಳಿನ ಕೊಂಬೆಯನ್ನು ಹಗುರಾಗಿ ಎಳೆದು ಒಡೆಯಿರಿ. ಭಾರ ಇಟ್ಟರೆ ಮೊಳಕೆ ಮುರಿಯುತ್ತದೆ.

ಒಂದು ಕೆಜಿಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ರಾಗಿ ಕಾಳಿರುತ್ತವೆ. ಸಾಲಿಗೆ ಒಂದಡಿ, ಗಿಡಕ್ಕೆ ನಾಲ್ಕು ಅಂಗುಲ ಬಿಟ್ಟರೆ ಎಕರೆಗೆ ಬೇಕಾದ ಗಿಡ ಸುಮಾರು ಒಂದೂಕಾಲು ಲಕ್ಷ. ನಾಲ್ಕು ಕೆಜಿ ಬಿತ್ತಿದ್ದು ಮಣ್ಣು, ಇರುವೆ, ಬಿಸಿಲು ತಿನ್ನಲಿ ಎಂದು. ಎಲ್ಲವೂ ಹುಟ್ಟಿದರೆ ಒತ್ತು ಕೀಳಲೇಬೇಕು. ಹದಿನೈದರಿಂದ ಇಪ್ಪತ್ತೈದು ದಿನದೊಳಗೆ ಹಲುಬೆ (ಹಲ್ಲುಗಳಿರುವ ಹರಗು ಸಲಕರಣೆ) ಹೊಡೆದು, ಕೈಯಲ್ಲಿ ಪೈರು ಬಿಡಿಸಿ, ಸೋನೆ ಹಿಡಿದ ದಿನ ಕಿತ್ತ ಪೈರನ್ನು ಖಾಲಿ ಜಾಗಕ್ಕೆ ನೆಡಿ. ಪಾಪ ಎನಿಸಿ ಬಿಟ್ಟ ಒತ್ತು ಪೈರು ಬೆರಳುದ್ದದ ತೆನೆ ಕೊಡುತ್ತದೆ.

ಕಳೆಗೆ ಎಣ್ಣೆ ಹೊಡೆಯುವ ಮುಂಚೆ ಎರಡು ಸಲ ಯೋಚಿಸಿ. ಅಗಲ ಎಲೆಯ ಕಳೆ ಸಾಯಿಸುವ ಔಷಧ ಅವರೆ, ತೊಗರಿಯನ್ನೂ ಸಾಯಿಸುತ್ತದೆ. ಜೊತೆಗೆ ಅಣ್ಣೆ, ಕೀರೆ, ಹೊನಗೊನೆ ಎಂದು ಕಳೆ ಕೀಳುವಾಗ ಮಡಿಲಿಗೆ ಬರುವ ಬೆರಕೆ ಸೊಪ್ಪು ಆಗಸ್ಟಿನ ಬಸ್ಸಾರಿಗೆ ದುಡ್ಡಿಲ್ಲದೆ ಸಿಗುವ ಪದಾರ್ಥ, ಅದೂ ಹೋಗುತ್ತದೆ.

ಅಕ್ಕಡಿ ಕಡಿಮೆಯಾದದ್ದಕ್ಕೆ ದೊಡ್ಡ ಕಾರಣ ಕಟಾವು ಯಂತ್ರ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವರೆ ಬಳ್ಳಿ ಹಬ್ಬಿದ ರಾಗಿಗೆ ಯಂತ್ರ ಇಳಿಸಲಾಗದು. ಮುಯ್ಯಾಳು (ಒಬ್ಬರ ಹೊಲಕ್ಕೆ ಒಬ್ಬರು ಬದಲಿಗೆ ದುಡಿಯುವವರು) ಕಟ್ಟಿಕೊಂಡು ಕೊಯ್ಯುವ ಶಕ್ತಿ ಇರುವಷ್ಟು ಹೊಲಕ್ಕೆ ಮಾತ್ರ ಪೂರ್ತಿ ಅಕ್ಕಡಿ ಹಾಕಿ. ಉಳಿದದ್ದರಲ್ಲಿ ಕಾಳಿನ ಸಾಲುಗಳನ್ನೆಲ್ಲ ಒಂದು ಪಕ್ಕಕ್ಕೆ ಅಗಲ ಪಟ್ಟಿಯಾಗಿ ಸೇರಿಸಿ, ಯಂತ್ರಕ್ಕೆ ದಾರಿ ಬಿಡಿ. ಪಾವಗಡ, ಮಧುಗಿರಿ ಕಡೆಯ ಕಡಲೆಕಾಯಿ ಹೊಲಗಳಿಗೂ ತೊಗರಿಯ ಜೋಡಿ ಸಾಲು ಹೊಂದುತ್ತದೆ. ಅಲ್ಲಿನ ದೊಡ್ಡ ಶತ್ರು ಕೆಂಪು ಕಂಬಳಿಹುಳು. ಮೊದಲ ಜೋರು ಮಳೆಯಾದ ಮೇಲೆ ಮೂರು ನಾಲ್ಕು ರಾತ್ರಿ ಚಿಟ್ಟೆ ಮೇಲೇಳುತ್ತದೆ, ಆ ರಾತ್ರಿಗಳಲ್ಲಿ ಏಳರಿಂದ ಹತ್ತರವರೆಗೆ ಹೊಲದ ಬದುಗಳಲ್ಲಿ ಬೆಂಕಿ ಹಾಕಬೇಕು. ಒಬ್ಬರು ಹಾಕಿ ಪಕ್ಕದವರು ಮಲಗಿದರೆ ಬೆಂಕಿ ಹಾಕಿದವರ ಹೊಲಕ್ಕೇ ಚಿಟ್ಟೆ ಕರೆದಂತಾಗುತ್ತದೆ. ಇಡೀ ಊರು ಒಟ್ಟಿಗೆ ಹಾಕಬೇಕು.

ಮಳೆ ತಪ್ಪಿದಾಗ

ಬಿತ್ತಿ ಹನ್ನೆರಡನೇ ದಿನ ಹೊಲದ ಹತ್ತು ಕಡೆ ಒಂದೊಂದು ಮೀಟರ್ ಸಾಲು ಅಳೆದು ಪೈರು ಎಣಿಸಿ. ಮೀಟರಿಗೆ ಹತ್ತು ಇರಬೇಕು. ಐದಾರು ಇದ್ದರೂ ಉಳಿಸಿಕೊಳ್ಳಿ, ರಾಗಿ ತೆಂಡೆ (ಬುಡದ ಮರಿ ಚಿಗುರು) ಹೊಡೆದು ತುಂಬಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಾದರೆ ಹೊಲ ಕೆಡಿಸಿ ಮತ್ತೆ ಬಿತ್ತುವ ತೀರ್ಮಾನ ಅಂದೇ ಆಗಲಿ. ಇನ್ನೊಂದು ವಾರ ನೋಡೋಣ ಎನ್ನುವುದರಲ್ಲೇ ಕಾಲ ಜಾರುತ್ತದೆ.

ಜುಲೈ ಮಧ್ಯದವರೆಗೆ ಎಂಆರ್-6 ನಡೆಯುತ್ತದೆ. ಪುಷ್ಯ ಮಳೆಗೆ, ಅಂದರೆ ಜುಲೈ ಕೊನೆಯವರೆಗೆ, ಜಿಪಿಯು-28 ಅಥವಾ ಎಂಎಲ್-365. ಆಶ್ಲೇಷ, ಮಘೆಗೆ, ಅಂದರೆ ಆಗಸ್ಟಿನಲ್ಲಿ, ಬಿತ್ತುವುದಾದರೆ ಜಿಪಿಯು-48 ಮಾತ್ರ. ಈ ಹೊತ್ತಿನಲ್ಲಿ ದೀರ್ಘಾವಧಿ ತಳಿ ಬಿತ್ತಿದರೆ ಕಾಳು ಕಟ್ಟುವ ಹೊತ್ತಿಗೆ ಮಳೆಯೂ ಇಲ್ಲ, ನೆಲದಲ್ಲಿ ತೇವವೂ ಇಲ್ಲ. ಎಲ್ಲವೂ ತಪ್ಪಿದರೆ ಸೆಪ್ಟೆಂಬರಿನಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಎಕರೆಗೆ 10 ಕೆಜಿ ಹುರುಳಿ. ಹೊಟ್ಟೆಗೂ ಆಯಿತು, ಹೊಟ್ಟು ದನಕ್ಕೂ ಆಯಿತು.

ಊರಲ್ಲಿ ಒಂದೇ ಒಂದು ಬೋರ್‌ವೆಲ್‌ನಲ್ಲಿ ಒಂದಿಂಚು ನೀರು ಇದ್ದರೂ ಸಮುದಾಯದ ಸಸಿಮಡಿ ಹಾಕಬಹುದು. ಎಕರೆ ನಾಟಿಗೆ 2 ಕೆಜಿ ಬೀಜ, ಎರಡರಿಂದ ಮೂರು ಗುಂಟೆ ಮಡಿ. ಐದು ಎಕರೆಯ ಮಡಿಯನ್ನು ಒಂದೇ ದಿನ ಹಾಕಬೇಡಿ: ಅರ್ಧ ಜುಲೈ ಮಧ್ಯಕ್ಕೆ, ಉಳಿದರ್ಧ ಹದಿನೈದು ದಿನ ಬಿಟ್ಟು. ಸಸಿ 21ರಿಂದ 25 ದಿನದ್ದಾಗಿರುವಾಗ ಮಳೆ ಯಾವಾಗ ಬರುತ್ತದೋ ಹೇಳಲಾಗದು, ಎರಡು ವಯಸ್ಸಿನ ಸಸಿ ಇದ್ದರೆ ಒಂದಾದರೂ ಹದಕ್ಕೆ ಸಿಗುತ್ತದೆ. ಬೇಗ ಬರುವ ತಳಿಯ ಸಸಿ ಮೂರು ವಾರ ದಾಟಿದರೆ ನಾಟಿ ಮಾಡಿದ ಕೂಡಲೇ ಗಿಡ್ಡಗೇ ತೆನೆ ಹಾಯುತ್ತದೆ. ಅಂಥ ಸಸಿಯನ್ನು ದನಕ್ಕೆ ಹಾಕಿ. ನೀರು ಕೊಟ್ಟವರಿಗೆ ಮೊದಲ ಸಸಿ ಎಂದು ಒಪ್ಪಂದವಿರಲಿ. ಕೃಷಿ ಹೊಂಡ ಇದ್ದವರು ಲೆಕ್ಕ ಹಾಕಿಕೊಳ್ಳಿ: ಪಕ್ಕ ಇಳಿಜಾರಾದ 12×12×3 ಮೀಟರಿನ ಹೊಂಡದಲ್ಲಿ ತುಂಬಿದಾಗ ಸುಮಾರು ಎರಡೂವರೆ ಲಕ್ಷ ಲೀಟರ್. ಒಂದು ಎಕರೆಗೆ ಎರಡೂವರೆ ಅಂಗುಲದಷ್ಟು ಒಂದೇ ನೀರು. ಅದನ್ನು ರಾಗಿ ಹೂ ಬಿಡುವ ಹೊತ್ತಿಗೆ ಉಳಿಸಿಕೊಳ್ಳಿ.

ಉಣ್ಣುವುದೆಷ್ಟು, ಮಾರುವುದೆಷ್ಟು

ಮುದ್ದೆ ಉಣ್ಣುವ ಐದು ಜನರ ಮನೆಗೆ ದಿನಕ್ಕೆ ಒಂದು ಕೆಜಿ ಹಿಟ್ಟು, ವರ್ಷಕ್ಕೆ ಮೂರೂವರೆಯಿಂದ ನಾಲ್ಕು ಕ್ವಿಂಟಲ್ ರಾಗಿ. ಕಣದಿಂದ ರಾಶಿ ಎತ್ತುವ ದಿನವೇ ಮೊದಲು ಬೀಜ ಬ್ಯಾಂಕಿನ ಬಾಕಿ, ಆಮೇಲೆ ಮನೆಯ ಪಾಲು ತೆಗೆದಿಟ್ಟು, ಉಳಿದದ್ದನ್ನು ಮಾರಾಟಕ್ಕೆ ಇಡಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಘೋಷಿಸಿದ ರಾಗಿ ಬೆಂಬಲ ಬೆಲೆ ಕ್ವಿಂಟಲಿಗೆ ₹4,886. ಖರೀದಿ ಕೇಂದ್ರದಲ್ಲಿ ಮಾರಲು ಫ್ರೂಟ್ಸ್ (ಸರ್ಕಾರದ ರೈತರ ದಾಖಲೆ ವ್ಯವಸ್ಥೆ) ನೋಂದಣಿ ಬೇಕು, ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲಕ್ಕೆ ರಾಗಿ ಎಂದೇ ನಮೂದಾಗಿರಬೇಕು. ಅಕ್ಕಡಿ ಹಾಕಿದವರು ಸಮೀಕ್ಷೆಯ ಹೊತ್ತಿಗೆ ಹೊಲದಲ್ಲಿದ್ದು ಮುಖ್ಯ ಬೆಳೆ ರಾಗಿ, ಮಿಶ್ರ ಬೆಳೆ ತೊಗರಿ ಎಂದು ಬರೆಸಿ. ಆಮೇಲೆ ತಿದ್ದಿಸಲು ಅಲೆಯುವುದು ಬೇಸಿಗೆಯ ಅರ್ಧ ತಿನ್ನುತ್ತದೆ.

ನಿಜವಾಗಿ ಕೈಗೆ ದುಡ್ಡು ತರುವುದು ಹಸಿ ಅವರೆಕಾಯಿ, ಬೀಜ ಬ್ಯಾಂಕನ್ನು ಬರಿದು ಮಾಡುವುದೂ ಅದೇ. ಸೊಗಡಿನ ಕಾಯಿಗೆ ಮಾರ್ಗಶಿರದಲ್ಲಿ ಒಳ್ಳೆ ಬೆಲೆ ಬಂದಾಗ ಗಿಡದಲ್ಲಿ ಒಂದು ಕಾಯಿ ಬಿಡದೆ ಕಿತ್ತು ಮಾರಿ, ಮುಂದಿನ ವರ್ಷ ಬೀಜಕ್ಕೆ ಅಂಗಡಿಯ ಕಾಳು ತಂದವರು ಊರೂರಲ್ಲಿದ್ದಾರೆ. ಅಂಗಡಿಯಲ್ಲಿ ಸಿಗುವುದು ಎಲ್ಲ ಕಾಲಕ್ಕೂ ಹೂ ಬಿಡುವ ಗಿಡ್ಡ ತಳಿ ಆಗಿರಬಹುದು. ಅದು ರಾಗಿಯೊಳಗೇ ಹೂ ಬಿಟ್ಟು ಮುಗಿದುಹೋಗುತ್ತದೆ, ರಾಗಿ ಕೊಯ್ದ ಮೇಲೆ ಮಾಗಿಯ ಇಬ್ಬನಿಯಲ್ಲಿ ಹಬ್ಬುವುದಿಲ್ಲ, ಆ ಸೊಗಡೂ ಇರುವುದಿಲ್ಲ. ಹಾಗಾಗಿ ಮೊದಲ ಕಾಯಿ ಕೀಳುವ ಮುಂಚೆಯೇ ಹೊಲದ ನಡುವಿನ ಎರಡು ಸಾಲಿಗೆ ಕೆಂಪು ಬಟ್ಟೆ ಕಟ್ಟಿ, ಅದನ್ನು ಮಾರಾಟಕ್ಕೆ ಮುಟ್ಟುವುದಿಲ್ಲ ಎಂದು ಮನೆಮಂದಿಗೆಲ್ಲ ಹೇಳಿ. ಅಲ್ಲಿ ಹುಳ ಕೊರೆದ ಕಾಯಿಗಳನ್ನು ವಾರಕ್ಕೊಮ್ಮೆ ಕಿತ್ತೆಸೆದು, ಉಳಿದವು ಪೂರ್ತಿ ಒಣಗಿದ ಮೇಲೆ ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಬಿಡಿಸಿ. ಬಿಸಿಲೇರಿದರೆ ಸಿಪ್ಪೆ ಬಿರಿದು ಕಾಳು ನೆಲದ ಪಾಲಾಗುತ್ತದೆ.